ನೀರು ಹಾಯಿಸಿದ ಹಳೆ ತೈಲ ಕ್ಷೇತ್ರ: ಇಳಿಕೆಯ ಗೆರೆಯನ್ನು ಯಾವುದರ ಮೇಲೆ ಎಳೆಯಬೇಕು?

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ತೀರದಾಚೆ

ಪ್ರಶ್ನೆ ಮುಂಬೈ ತೀರದಾಚೆ ಸಮುದ್ರದಲ್ಲಿರುವ ತೈಲ ಕ್ಷೇತ್ರ ಮುಂಬೈ ಹೈ ಬಗ್ಗೆ: ಅದರ ಉತ್ಪಾದನೆ ಮುಂದೆ ಹೇಗೆ ಇಳಿಯುತ್ತದೆ ಎಂದು ಅಂದಾಜಿಸುವುದು ಹೇಗೆ? ಆದರೆ ಉತ್ತರ ಯಾವ ಹಳೆ ಕ್ಷೇತ್ರಕ್ಕಾದರೂ ಬೇಕಾಗುವಂಥದ್ದು.

1974ರಲ್ಲಿ ಪತ್ತೆಯಾಗಿ 1976ರಲ್ಲಿ ತೈಲ ಕೊಡಲು ಶುರು ಮಾಡಿದ ಕ್ಷೇತ್ರ. 1985ರ ಮಾರ್ಚ್‌ನಲ್ಲಿ ದಿನಕ್ಕೆ 4.71 ಲಕ್ಷ ಬ್ಯಾರಲ್ ಮುಟ್ಟಿತ್ತು. 2024ರಲ್ಲಿ ಒಎನ್‌ಜಿಸಿ ತಾಂತ್ರಿಕ ಸೇವೆಗೆ ಟೆಂಡರ್ ಕರೆದಾಗ ಹೇಳಿದ ಅಂಕಿ ಸುಮಾರು 1.34 ಲಕ್ಷ. 2025ರ ಜನವರಿಯಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿಪಿ ಆಯ್ಕೆಯಾಯಿತು. ಬೇಸ್‌ಲೈನ್‌ಗಿಂತ (ಹೋಲಿಕೆಗೆ ಇಟ್ಟ ಮೂಲ ಅಂದಾಜಿಗಿಂತ) 60% ವರೆಗೆ ಹೆಚ್ಚು ತೆಗೆಯಬಹುದು ಎಂದಿದೆ. ಮೊದಲ ಎರಡು ವರ್ಷ ನಿಗದಿತ ಶುಲ್ಕ, ಆಮೇಲೆ ಹೆಚ್ಚುವರಿ ಉತ್ಪಾದನೆಯನ್ನು ಆಧರಿಸಿದ ಶುಲ್ಕ. ಅಂದರೆ "ಏನೂ ಮಾಡದೆ ಬಿಟ್ಟಿದ್ದರೆ ಎಷ್ಟು ಬರುತ್ತಿತ್ತು" ಎಂಬ ಗೆರೆಯೇ ಹಣದ ಗೆರೆ.

4.71ರಿಂದ 1.34ಕ್ಕೆ 39 ವರ್ಷದಲ್ಲಿ ಇಳಿದರೆ ವರ್ಷಕ್ಕೆ ಸರಾಸರಿ 3.2% ಆಗುತ್ತದೆ. ಇದನ್ನೇ ಮುಂದಕ್ಕೆ ಎಳೆದರೆ ಆಗದೆ? ಆಗದಿದ್ದರೆ ಏಕೆ?

ಬಾವಿಲೆಕ್ಕ

ಆಗದು. ಆ 3.2% ನೆಲದಡಿಯ ಬಂಡೆ ಹೇಳಿದ ಸಂಖ್ಯೆಯಲ್ಲ. 1980ರ ದಶಕದಲ್ಲಿ, ತೈಲವನ್ನು ಬಾವಿಗಳ ಕಡೆ ದೂಡಲು, ಸಮುದ್ರದ ನೀರನ್ನು ಒಳಗೆ ತಳ್ಳಲು ಶುರು ಮಾಡಿದರು. 2000ದ ನಂತರ ಉತ್ತರ, ದಕ್ಷಿಣ ಎರಡೂ ಭಾಗಗಳಲ್ಲಿ ಹಂತಹಂತವಾಗಿ ಮರು-ಅಭಿವೃದ್ಧಿ ಯೋಜನೆಗಳು ಬಂದವು: ಹೊಸ ಬಾವಿಗಳು, ಹಳೆ ಬಾವಿಗಳಿಂದ ಅಡ್ಡ ಕೊರೆತ, ಹೊಸ ಪ್ಲಾಟ್‌ಫಾರ್ಮ್‌ಗಳು. ಅವೆಲ್ಲ ಸೇರಿದ ಮೇಲೆ ಉಳಿದ ಇಳಿಕೆ 3.2%. ಯಾವ ಬಾವಿಯನ್ನೂ ಕೊರೆಯದಿದ್ದರೆ ಇದು ಬಹಳ ಕಡಿದಾಗಿರುತ್ತಿತ್ತು. ಬೇಸ್‌ಲೈನ್ ಬೇಕಾದವರಿಗೆ ಬೇಕಿರುವುದು ಆ ಕಡಿದಾದ ಗೆರೆ.

ಇನ್ನೂ ಮೂಲದ ಮಾತು ಇದೆ. ನೀರು ಹಾಯಿಸಿದ ನಿಕ್ಷೇಪದಲ್ಲಿ ತೈಲದ ದರವನ್ನು ಕಾಲದ ಮೇಲೆ ಹಾಕಿ ಗೆರೆ ಎಳೆಯುವುದೇ ತಪ್ಪು ಜಾಗದಿಂದ ಶುರು ಮಾಡಿದ ಹಾಗೆ. ತೈಲ ದರ ಎನ್ನುವುದು ಎರಡು ಬೇರೆ ಸಂಗತಿಗಳ ಗುಣಲಬ್ಧ: ದಿನಕ್ಕೆ ಎತ್ತುವ ಒಟ್ಟು ದ್ರವ, ಅದರಲ್ಲಿ ತೈಲದ ಪಾಲು. ಮೊದಲನೆಯದು ಪಂಪು, ಚೋಕ್ (ಹರಿವು ನಿಯಂತ್ರಿಸುವ ಕವಾಟ), ಗ್ಯಾಸ್ ಲಿಫ್ಟ್ (ಬಾವಿಗೆ ಅನಿಲ ಬಿಟ್ಟು ದ್ರವ ಎತ್ತುವುದು), ಸೆಪರೇಟರ್ (ತೈಲ, ನೀರು, ಅನಿಲ ಬೇರ್ಪಡಿಸುವ ಪಾತ್ರೆ) ಸಾಮರ್ಥ್ಯ, ಇಂಜೆಕ್ಷನ್ (ನೀರು ಒಳಗೆ ತಳ್ಳುವುದು) ಇವುಗಳ ಕೈಯಲ್ಲಿದೆ. ಎರಡನೆಯದು ಬಂಡೆಯ ಕೈಯಲ್ಲಿದೆ, ಮತ್ತು ಅದು ಕಾಲವನ್ನು ನೋಡಿ ಬದಲಾಗುವುದಿಲ್ಲ. ಎಷ್ಟು ತೈಲ ಆಗಲೇ ಹೊರಬಂದಿದೆ ಎಂಬುದನ್ನು ನೋಡಿ ಬದಲಾಗುತ್ತದೆ. ಎರಡನ್ನೂ ಬೇರೆಬೇರೆ ಅಂದಾಜು ಮಾಡಿ ಕೊನೆಗೆ ಗುಣಿಸಬೇಕು.

ಲೆಕ್ಕಕ್ಕೊಂದು ಬಾವಿ ಗುಂಪು ತೆಗೆದುಕೊಳ್ಳೋಣ, ಅಂಕಿ ದುಂಡಾಗಿ ಇಟ್ಟಿದ್ದೇನೆ. ಒಟ್ಟು ತೆಗೆದ ತೈಲ 10 ಲಕ್ಷ ಘನ ಮೀಟರ್ ಆದಾಗ ವಾಟರ್ ಕಟ್ (ಒಟ್ಟು ದ್ರವದಲ್ಲಿ ನೀರಿನ ಪಾಲು) 80%, 12 ಲಕ್ಷ ಆದಾಗ 90%. ನೀರು-ತೈಲ ಅನುಪಾತ ಕ್ರಮವಾಗಿ 4 ಮತ್ತು 9. ಅನುಪಾತದ ನೈಸರ್ಗಿಕ ಲಾಗರಿದಮ್ ಅನ್ನು ಒಟ್ಟು ತೈಲದ ಎದುರು ಹಾಕಿದರೆ ಹೆಚ್ಚಿನ ವಾಟರ್ ಕಟ್‌ನಲ್ಲಿ ಅದು ಸರಿಸುಮಾರು ನೇರ ಗೆರೆ. ಇಳಿಜಾರು ಲಕ್ಷ ಘನ ಮೀಟರಿಗೆ 0.4055. ನಿಲ್ಲಿಸುವ ಮಿತಿ 98%, ಅಂದರೆ ಅನುಪಾತ 49 ಎಂದಿಟ್ಟುಕೊಂಡರೆ 9ರಿಂದ 49ಕ್ಕೆ ಹೋಗಲು ಇನ್ನೂ 4.18 ಲಕ್ಷ ಘನ ಮೀಟರ್ ತೈಲ ಬರಬೇಕು.

ಅದಕ್ಕೆ ಎತ್ತಬೇಕಾದ ನೀರು: 49ರಿಂದ 9 ಕಳೆದು ಇಳಿಜಾರಿನಿಂದ ಭಾಗಿಸಿದರೆ 98.6 ಲಕ್ಷ ಘನ ಮೀಟರ್. ತೈಲ ಸೇರಿ ಒಟ್ಟು ದ್ರವ ಸುಮಾರು 102.8 ಲಕ್ಷ. ದಿನಕ್ಕೆ 2,000 ಘನ ಮೀಟರ್ ಎತ್ತಿದರೆ 14.1 ವರ್ಷ. 3,000 ಎತ್ತಿದರೆ 9.4 ವರ್ಷ. ತೈಲ ಅಷ್ಟೇ, ಬಂಡೆ ಅದೇ, ಆದರೆ ಕಾಲದ ಮೇಲಿನ ಇಳಿಕೆ ಎರಡು ಬೇರೆ ಬೇರೆ ಗೆರೆಗಳು. "ಈ ಕ್ಷೇತ್ರದ ಇಳಿಕೆ ದರ ಇಷ್ಟು" ಎಂದು ಯಾರಾದರೂ ಹೇಳಿದರೆ, "ದ್ರವ ಎಷ್ಟು ಎತ್ತುತ್ತಾ?" ಎಂದು ಕೇಳಲೇಬೇಕು.

ಗೆರೆಮನೆ

ಒಪ್ಪುವೆ, ಆದರೆ ಕಾಲದ ಮೇಲೆ ಇಳಿಕೆಯ ಗೆರೆ ಎಳೆಯುವ ಸಮೀಕರಣ ಕೊಟ್ಟ ಆರ್ಪ್ಸ್ ಅನ್ನು ಇಷ್ಟು ಬೇಗ ಬದಿಗೆ ಸರಿಸಬೇಡಿ. 1945ರಿಂದ ಅವರ ಸಮೀಕರಣ ಉಳಿದುಬಂದಿರುವುದಕ್ಕೆ ಕಾರಣವಿದೆ. ದ್ರವದ ದರ ಸ್ಥಿರವಾಗಿದ್ದರೆ ಅದೇ ಸಾಕಲ್ಲವೇ? ಎಷ್ಟೋ ಹಳೆ ಕ್ಷೇತ್ರಗಳಿಗೆ ಎಕ್ಸ್‌ಪೊನೆನ್ಷಿಯಲ್ ಗೆರೆ (ಪ್ರತಿ ವರ್ಷ ಒಂದೇ ಶೇಕಡಾವಾರು ಇಳಿಕೆ) ಹಾಕಿಯೇ ಮೀಸಲು, ಅಂದರೆ ಇನ್ನು ತೆಗೆಯಬಹುದಾದ ತೈಲದ, ಲೆಕ್ಕ ಒಪ್ಪಿಸುತ್ತಾರೆ.

ಬಾವಿಲೆಕ್ಕ

ಸ್ಥಿರವಾಗಿದ್ದರೆ ಸಾಕು, ಆದರೆ ಆರ್ಪ್ಸ್ ಸಮೀಕರಣದ ಘಾತಾಂಕ (ಇಳಿಕೆಯ ವೇಗ ಎಷ್ಟು ಬೇಗ ತಗ್ಗುತ್ತದೆ ಎಂದು ಹೇಳುವ ಸಂಖ್ಯೆ; ಎಕ್ಸ್‌ಪೊನೆನ್ಷಿಯಲ್‌ಗೆ 0) ಸರಿ ಇರಬೇಕು. ಮೇಲಿನ ಲೆಕ್ಕದಲ್ಲೇ ನೋಡಿ. ದ್ರವ ದರ ಸ್ಥಿರ, ಲಾಗರಿದಮ್ ಗೆರೆ ನೇರ ಎಂದರೆ ಹೆಚ್ಚಿನ ವಾಟರ್ ಕಟ್‌ನಲ್ಲಿ ನೀರು-ತೈಲ ಅನುಪಾತ ಕಾಲದೊಂದಿಗೆ ನೇರವಾಗಿ ಏರುತ್ತದೆ. ತೈಲ ದರ ಎಂದರೆ ದ್ರವವನ್ನು ಅನುಪಾತ ಕೂಡಿಸು ಒಂದರಿಂದ ಭಾಗಿಸಿದ್ದು. ಅದು ಆರ್ಪ್ಸ್‌ನ ಹಾರ್ಮೋನಿಕ್ ಇಳಿಕೆ, ಘಾತಾಂಕ 1. ಎಕ್ಸ್‌ಪೊನೆನ್ಷಿಯಲ್ ಅಲ್ಲ.

ವ್ಯತ್ಯಾಸ ಎಷ್ಟು? 90% ವಾಟರ್ ಕಟ್‌ನಲ್ಲಿ, 2,000 ದ್ರವಕ್ಕೆ 200 ತೈಲ ಬರುವಾಗ ಕ್ಷಣದ ಇಳಿಕೆ ವರ್ಷಕ್ಕೆ 26.6%. 98% ತಲುಪಿ ತೈಲ 40ಕ್ಕೆ ಇಳಿದಾಗ ಅದು ವರ್ಷಕ್ಕೆ 5.8% ಮಾತ್ರ. ಇಳಿಕೆಯ ವೇಗವೇ ಇಳಿಯುತ್ತಾ ಬರುತ್ತದೆ. ಇವತ್ತಿನ 26.6% ಹಿಡಿದು ಎಕ್ಸ್‌ಪೊನೆನ್ಷಿಯಲ್ ಎಳೆದರೆ 6 ವರ್ಷಕ್ಕೇ 40 ಮುಟ್ಟುತ್ತೀರಿ, ಸಿಗುವ ತೈಲ 2.19 ಲಕ್ಷ. ನಿಜಕ್ಕೆ 4.18. ಹೆಚ್ಚುಕಡಿಮೆ ಅರ್ಧ ಮೀಸಲು ಕಾಗದದ ಮೇಲೆ ಮಾಯ.

ಉಲ್ಟಾ ತಪ್ಪೂ ಇದೆ. ಬಾವಿಯೊಳಗೆ ಇಎಸ್‌ಪಿ (ಮುಳುಗುವ ವಿದ್ಯುತ್ ಪಂಪ್) ಇಳಿಸಿ ದ್ರವವನ್ನು 2,000ದಿಂದ 4,000ಕ್ಕೆ ಏರಿಸುತ್ತಾ ಬಂದ ಅವಧಿಯಲ್ಲಿ ವಾಟರ್ ಕಟ್ 90ರಿಂದ 95ಕ್ಕೆ ಹೋಗಿದ್ದರೆ ತೈಲ 200ರಲ್ಲೇ ನಿಂತಂತೆ ಕಾಣುತ್ತದೆ. ಅದಕ್ಕೆ ಗೆರೆ ಹೊಂದಿಸಿದರೆ ಘಾತಾಂಕ 1ಕ್ಕಿಂತ ಮೇಲೆ ಹೋಗುತ್ತದೆ, ಒಟ್ಟು ತೈಲ ಅನಂತದ ಕಡೆ ಓಡುತ್ತದೆ. ಸೆಪರೇಟರ್ ತುಂಬಿದ ದಿನ ಆ ಗೆರೆ ಮುರಿದುಬೀಳುತ್ತದೆ. ಈ ತಪ್ಪು ನಾನು ಹೇಳಿದ ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ಎಲ್ಲರಿಗೂ ಇಷ್ಟವಾಗುವ ಉತ್ತರ ಕೊಡುತ್ತದೆ.

ಸುಣ್ಣಕಲ್ಲು

ಬಾವಿಲೆಕ್ಕ ಅವರ ಲೆಕ್ಕಕ್ಕೆ ಒಂದು ತಿದ್ದುಪಡಿ. 80ರಿಂದ 90% ನಡುವಿನ ಎರಡು ಬಿಂದು ಹಿಡಿದು ಅನುಪಾತದ ಲಾಗರಿದಮ್ ಗೆರೆ ಎಳೆದರೆ ಅದು ಸ್ವಲ್ಪ ಜಿಪುಣ ಉತ್ತರ ಕೊಡುತ್ತದೆ. ಆ ವ್ಯಾಪ್ತಿಯಲ್ಲಿ ಗೆರೆ ಇನ್ನೂ ಪೂರ್ತಿ ನೇರವಾಗಿರುವುದಿಲ್ಲ. 1978ರಲ್ಲಿ ಎರ್ಷಾಘಿ, ಒಮೊರೆಗಿ ಕೊಟ್ಟ ಎಕ್ಸ್-ಪ್ಲಾಟ್ ಇದಕ್ಕೇ ಇರುವುದು. ನೀರಿನ ಪಾಲನ್ನು ಭಿನ್ನರಾಶಿಯಾಗಿ ಬರೆಯಿರಿ. ಅದರ ವಿಲೋಮ ತೆಗೆಯಿರಿ. ವಿಲೋಮದಿಂದ 1 ಕಳೆದು ಲಾಗರಿದಮ್ ತೆಗೆದು, ಅದರಿಂದ ವಿಲೋಮವನ್ನೇ ಮತ್ತೆ ಕಳೆಯಿರಿ. ಈ ಸಂಖ್ಯೆಯನ್ನು ಒಟ್ಟು ತೈಲದ ಎದುರು ಹಾಕಿ.

80%ಕ್ಕೆ −2.636, 90%ಕ್ಕೆ −3.308, 98%ಕ್ಕೆ −4.912. ಮೊದಲ ಎರಡರಿಂದ ಇಳಿಜಾರು ಲಕ್ಷಕ್ಕೆ 0.336. 98% ತಲುಪಲು ಇನ್ನೂ 4.77 ಲಕ್ಷ ಘನ ಮೀಟರ್. 4.18ಕ್ಕೆ ಹೋಲಿಸಿದರೆ 14% ಹೆಚ್ಚು. 95% ದಾಟಿದ ಮೇಲೆ, ಚಿಹ್ನೆ ಬಿಟ್ಟರೆ, ಎರಡೂ ಗೆರೆಯ ಇಳಿಜಾರು ಹೆಚ್ಚುಕಡಿಮೆ ಒಂದೇ, ಯಾವುದನ್ನು ಬಳಸಿದರೂ ನಡೆಯುತ್ತದೆ.

ಎರಡಕ್ಕೂ ಬೇರು ಒಂದೇ: ಬಕ್ಲಿ-ಲೆವರೆಟ್ 1942ರಲ್ಲಿ, ವೆಲ್ಜ್ 1952ರಲ್ಲಿ ಕೊಟ್ಟ, ಬಂಡೆಯಲ್ಲಿ ನೀರು ತೈಲವನ್ನು ತಳ್ಳುವ ಬಗೆಯ ಸಿದ್ಧಾಂತ, ಜೊತೆಗೆ ತೈಲ-ನೀರಿನ ರಿಲೇಟಿವ್ ಪರ್ಮಿಯಬಿಲಿಟಿ (ಒಂದರ ಜೊತೆ ಇನ್ನೊಂದು ಇರುವಾಗ ಪ್ರತಿಯೊಂದೂ ಎಷ್ಟು ಸರಾಗವಾಗಿ ಹರಿಯುತ್ತದೆ) ಅನುಪಾತ ನೀರಿನ ಸ್ಯಾಚುರೇಷನ್‌ಗೆ (ರಂಧ್ರಗಳಲ್ಲಿ ನೀರು ತುಂಬಿದ ಪಾಲಿಗೆ) ಘಾತೀಯವಾಗಿ ಬದಲಾಗುತ್ತದೆ ಎಂಬ ಊಹೆ. ಕೋರ್ (ಕೊರೆದು ತೆಗೆದ ಬಂಡೆಯ ತುಂಡು) ಪ್ರಯೋಗಗಳಲ್ಲಿ ಆ ಸಂಬಂಧ, ಲಾಗರಿದಮ್‌ನಲ್ಲಿ ಹಾಕಿದರೆ, ನಡುವಿನ ಭಾಗದಲ್ಲಿ ನೇರ, ಎರಡೂ ತುದಿಯಲ್ಲಿ ಬಾಗುತ್ತದೆ. ಹಾಗಾಗಿ ಇಂಜೆಕ್ಷನ್ ನೀರು ಈಗಷ್ಟೇ ಮುಟ್ಟಿದ ಬಾವಿಗೂ, 99% ದಾಟಿದ ಬಾವಿಗೂ ಈ ಗೆರೆ ಹಾಕಬೇಡಿ.

ತೀರದಾಚೆ

ಎಕ್ಸ್-ಪ್ಲಾಟ್ ಪ್ರಯತ್ನಿಸಿದರೆ ಗೆರೆ ಮೊದಲು ಮೇಲೆ ಹೋಗಿ ಆಮೇಲೆ ಕೆಳಗೆ ಬರುತ್ತಿದೆ. ವಾಟರ್ ಕಟ್ 30% ಇದ್ದಾಗಿನಿಂದ ಹಾಕಿದ್ದೇನೆ. ಡೇಟಾ ಕೆಟ್ಟಿದೆಯೇ?

ಸುಣ್ಣಕಲ್ಲು

ಡೇಟಾ ಕೆಟ್ಟಿಲ್ಲ, ಗಣಿತ ಹಾಗೆ ಇದೆ. 30%ಕ್ಕೆ −2.49, 50%ಕ್ಕೆ −2.00, 80%ಕ್ಕೆ −2.64. ಸೂತ್ರ 50%ರಲ್ಲಿ ತಿರುಗುತ್ತದೆ. 50% ಕೆಳಗಿನ ಬಿಂದುಗಳನ್ನೆಲ್ಲ ತೆಗೆದುಹಾಕಿ. ಸುರಕ್ಷಿತವಾಗಿರಲು 60ರಿಂದ ಶುರು ಮಾಡಿ.

ಇನ್ನೊಂದು: ಗೆರೆಯಲ್ಲಿ ಮೆಟ್ಟಿಲು ಕಂಡರೆ ಮೊದಲು ಬಾವಿ ಇತಿಹಾಸ ನೋಡಿ. ಮುಂಬೈ ಹೈನ ಮುಖ್ಯ ನಿಕ್ಷೇಪ ಎಲ್-3 ಮಯೋಸೀನ್ ಯುಗದ ಸುಣ್ಣಕಲ್ಲು, ತೆಳು ಜೇಡಿಬಂಡೆಗಳಿಂದ ಪದರಪದರವಾಗಿ ಬೇರ್ಪಟ್ಟದ್ದು. ಇಂಥಲ್ಲಿ ನೀರು ಸರಾಗವಾಗಿ ಹರಿಯುವ ಪದರದಲ್ಲೇ ಓಡುತ್ತದೆ. ಆ ಪದರವನ್ನು ಸಿಮೆಂಟ್ ಹಾಕಿ ಮುಚ್ಚಿ ಇನ್ನೊಂದನ್ನು ತೆರೆದರೆ ಅದು ಹೊಸ ನಿಕ್ಷೇಪವಿದ್ದಂತೆ, ಹೊಸ ಗೆರೆ, ಹೊಸ ಇಳಿಜಾರು. ಹಳೆ ಇಳಿಜಾರಿಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಒಂದಷ್ಟು ತೈಲ ನಿಜವಾಗಿ ಸೇರಿತು ಎಂದರ್ಥ. ವಾಟರ್ ಕಟ್ ಇಳಿದು ಕೆಲವೇ ತಿಂಗಳಲ್ಲಿ ಹಳೆ ಗೆರೆಯನ್ನೇ ಸೇರಿಕೊಂಡರೆ ಆ ಕೆಲಸದಿಂದ ತೈಲ ಬೇಗ ಬಂತು, ಹೆಚ್ಚು ಬರಲಿಲ್ಲ. ಹೆಚ್ಚುವರಿ ಉತ್ಪಾದನೆಗೆ ಹಣ ಕೊಡುವ ಒಪ್ಪಂದಗಳಲ್ಲಿ ಈ ಎರಡನ್ನು ಬೇರ್ಪಡಿಸಿ ನೋಡಲೇಬೇಕು.

ಟೆಸ್ಟ್‌ಸೆಪರೇಟರ್

ನೀವೆಲ್ಲ ವಾಟರ್ ಕಟ್ ಎಂಬುದು ದೇವರು ಕೊಟ್ಟ ಸಂಖ್ಯೆ ಎಂಬಂತೆ ಬರೆಯುತ್ತಿದ್ದೀರಿ. ಅದು ಎಲ್ಲಿಂದ ಬರುತ್ತದೆ ಎಂದು ಹೇಳುವವರೂ ಬೇಕು.

ಪ್ಲಾಟ್‌ಫಾರ್ಮ್‌ನಲ್ಲಿ ಪ್ರತಿ ಬಾವಿಗೂ ಮೀಟರ್ ಇರುವುದು ಅಪರೂಪ. ಎಲ್ಲ ಬಾವಿಗಳೂ ಒಂದೇ ಮ್ಯಾನಿಫೋಲ್ಡ್‌ಗೆ (ಕೊಳವೆಗಳು ಕೂಡುವ ಜಾಗಕ್ಕೆ) ಸೇರುತ್ತವೆ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಒಂದೊಂದನ್ನೇ ಟೆಸ್ಟ್ ಸೆಪರೇಟರ್‌ಗೆ ತಿರುಗಿಸಿ ಕೆಲವು ಗಂಟೆ ಅಳೆಯುತ್ತಾರೆ. ಉಳಿದ ದಿನಗಳ "ದೈನಿಕ ಉತ್ಪಾದನೆ" ಎಂದರೆ ಇಡೀ ಪ್ಲಾಟ್‌ಫಾರ್ಮ್‌ನ ಮೊತ್ತವನ್ನು ಆ ಪರೀಕ್ಷೆಯ ಅನುಪಾತದಲ್ಲಿ ಹಂಚಿದ್ದು. ಅದು ಹಂಚಿಕೆ, ಅಳತೆಯಲ್ಲ. ಒಂದು ಬಾವಿಯ ಪರೀಕ್ಷೆ ತಪ್ಪಿದರೆ ಪಕ್ಕದ ಬಾವಿಗಳ ಗೆರೆಯೂ ತಪ್ಪುತ್ತದೆ, ಆದರೆ ಮೊತ್ತ ಮಾತ್ರ ಸರಿಯಾಗಿ ಕೂಡುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

95% ವಾಟರ್ ಕಟ್‌ನಲ್ಲಿ ಅಳತೆ ಒಂದು ಪಾಯಿಂಟ್ ತಪ್ಪಿದರೆ ತೈಲದಲ್ಲಿ 20% ತಪ್ಪು. 98%ರಲ್ಲಿ ಅದೇ ಒಂದು ಪಾಯಿಂಟ್‌ಗೆ 50% ತಪ್ಪು. ಬಾವಿ ಮುಪ್ಪಾದಷ್ಟೂ ಅಂಕಿ ಅಷ್ಟೇ ಸಡಿಲ. ಆದ್ದರಿಂದ:

ವೆಲ್‌ಹೆಡ್‌ನಿಂದ (ಬಾವಿಯ ಮೇಲ್ತುದಿಯಿಂದ) ಒಂದೇ ಬಾಟಲಿ ತೆಗೆದು ನೋಡಿದ ವಾಟರ್ ಕಟ್ ನಂಬಬೇಡಿ. ಹರಿವು ಸ್ಲಗ್ ಸ್ಲಗ್ ಆಗಿ, ಅಂದರೆ ತೈಲವೂ ನೀರೂ ತುಂಡುತುಂಡಾಗಿ, ಬರುವಾಗ ಒಂದು ಬಾಟಲಿ 70% ತೋರಿಸಿದರೆ ಹತ್ತು ನಿಮಿಷದ ನಂತರದ್ದು 99% ತೋರಿಸಬಹುದು. ಎಮಲ್ಷನ್ (ತೈಲ-ನೀರಿನ ಸೂಕ್ಷ್ಮ ಬೆರಕೆ) ಒಡೆಯದೆ ಉಳಿದಿದ್ದರೆ ಇನ್ನೂ ಕಷ್ಟ: ತೈಲದ ಪದರದಲ್ಲಿ ಅಡಗಿದ ನೀರನ್ನು ತೈಲವೆಂದೇ ಎಣಿಸುತ್ತಾರೆ. ಅದನ್ನು ಒಡೆಯುವ ಡಿಮಲ್ಸಿಫೈಯರ್ ಹಾಕಿ, ಬಿಸಿ ಮಾಡಿ, ಸೆಂಟ್ರಿಫ್ಯೂಜ್ ತಿರುಗಿಸಿ ಓದಿ.

ಪರೀಕ್ಷೆಗೆ ತಿರುಗಿಸಿದ ಮೊದಲ ಗಂಟೆಗಳ ಅಂಕಿ ಬಿಡಿ. ಟೆಸ್ಟ್ ಸೆಪರೇಟರ್‌ನ ಒತ್ತಡ ಉತ್ಪಾದನಾ ಹೆಡರ್‌ಗಿಂತ (ಮುಖ್ಯ ಕೊಳವೆಗಿಂತ) ಕಡಿಮೆ ಇದ್ದರೆ ಬಾವಿ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೆಚ್ಚು ಹರಿಯುತ್ತದೆ. ಚೋಕ್ ಗಾತ್ರ, ವೆಲ್‌ಹೆಡ್ ಒತ್ತಡ, ಲಿಫ್ಟ್ ಅನಿಲದ ಪ್ರಮಾಣ, ಇವು ಎರಡು ಪರೀಕ್ಷೆಗಳ ನಡುವೆ ಬದಲಾಗಿದ್ದರೆ ಆ ಬಿಂದುಗಳನ್ನು ಬೇರೆ ಬಣ್ಣದಲ್ಲಿ ಹಾಕಿ.

ಮತ್ತು ದಯವಿಟ್ಟು ಹಂಚಿಕೆಯಾದ ದೈನಿಕ ಅಂಕಿಗೆ ಗೆರೆ ಹೊಂದಿಸಬೇಡಿ. 30 ದಿನದ 30 ಬಿಂದುಗಳು 30 ಸಾಕ್ಷಿಗಳಲ್ಲ, ಒಂದೇ ಪರೀಕ್ಷೆಯ 30 ಪ್ರತಿಗಳು. ಪರೀಕ್ಷೆಯ ಬಿಂದುಗಳಿಗಷ್ಟೇ ಹೊಂದಿಸಿ. ಒಟ್ಟು ತೈಲದ ಅಕ್ಷಕ್ಕೆ ಮಾತ್ರ ಹಂಚಿಕೆಯ ಮೊತ್ತ ಬಳಸಿ.

ಬಾವಿಲೆಕ್ಕ

ಇದು ಈ ಚರ್ಚೆಯ ಅತ್ಯಂತ ಬೆಲೆಬಾಳುವ ಉತ್ತರ. ಕಾಲದ ಬದಲು ಒಟ್ಟು ತೈಲವನ್ನು ಅಕ್ಷ ಮಾಡುವುದರ ಇನ್ನೊಂದು ಲಾಭವೂ ಇಲ್ಲೇ ಹೇಳಿಬಿಡುತ್ತೇನೆ: ಬಾವಿ ಮುಚ್ಚಿದ್ದ ದಿನಗಳು ತಾನಾಗಿ ಕಳಚಿಹೋಗುತ್ತವೆ. ಕಾಲದ ಗೆರೆಯಲ್ಲಿ ಚಂಡಮಾರುತಕ್ಕೆ ಎರಡು ವಾರ ನಿಲ್ಲಿಸಿದ್ದೂ, ಕಂಪ್ರೆಸರ್ ಕೆಟ್ಟದ್ದೂ ಇಳಿಕೆಯಂತೆಯೇ ಕಾಣುತ್ತವೆ.

ಪಂಪ್‌ಮನೆ

ತೈಲದ ಪಾಲಿನ ಬಗ್ಗೆ ಎಲ್ಲರೂ ಹೇಳಿದಿರಿ. ದ್ರವದ ದರವನ್ನು ಯಾರು ಅಂದಾಜು ಮಾಡುತ್ತಾರೆ? ಅದನ್ನು "ಸ್ಥಿರ" ಎಂದು ಬರೆದು ಮುಂದೆ ಹೋಗುವುದು ಅರ್ಧ ಕೆಲಸ.

ವಾಟರ್ ಕಟ್ ಏರಿದಂತೆ ಬಾವಿಯೊಳಗಿನ ಕಂಬ ಭಾರವಾಗುತ್ತದೆ. ತೈಲದ ಕಂಬ ಮೀಟರಿಗೆ ಸುಮಾರು 0.08 ಬಾರ್, ಉಪ್ಪುನೀರಿನದು 0.1ಕ್ಕೆ ಮೇಲೆ. ನೀರಿನ ಜೊತೆ ಕರಗಿದ ಅನಿಲವೂ ಕಡಿಮೆ ಬರುವುದರಿಂದ ತಾನಾಗಿ ಎತ್ತುವ ಶಕ್ತಿಯೂ ಕುಗ್ಗುತ್ತದೆ. ಗ್ಯಾಸ್ ಲಿಫ್ಟ್ ಬಾವಿಗೆ ಅದೇ ಅನಿಲ ಕೊಡುತ್ತಿದ್ದರೆ ದ್ರವ ಇಳಿಯುತ್ತದೆ. ಹೆಚ್ಚು ಕೊಡಲು ಕಂಪ್ರೆಸರ್‌ನಲ್ಲಿ ಜಾಗ ಇರಬೇಕು. ಒಂದು ಬಾವಿಗೆ ಕೊಟ್ಟ ಅನಿಲ ಇನ್ನೊಂದರಿಂದ ಕಿತ್ತದ್ದೇ. ಹಾಗಾಗಿ ದ್ರವದ ಅಂದಾಜನ್ನು ಬಾವಿಬಾವಿಗೆ ಅಲ್ಲ, ಪ್ಲಾಟ್‌ಫಾರ್ಮ್ ಮಟ್ಟದಲ್ಲಿ ಮಾಡಿ: ಲಿಫ್ಟ್ ಅನಿಲ ಎಷ್ಟು, ಸೆಪರೇಟರ್ ಎಷ್ಟು ದ್ರವ ನುಂಗಬಲ್ಲದು, ಸಮುದ್ರಕ್ಕೆ ಬಿಡುವ ಮೊದಲು ನೀರು ಶುದ್ಧ ಮಾಡುವ ಘಟಕದ ಮಿತಿ ಎಷ್ಟು, ಇಂಜೆಕ್ಷನ್ ಪಂಪ್ ಎಷ್ಟು ಕೊಡಬಲ್ಲದು. ಇವುಗಳಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ದ್ರವ.

ರೋಗಪತ್ತೆಗೆ ಒಂದು ಸರಳ ನಿಯಮ: ದ್ರವ ಇಳಿದು ವಾಟರ್ ಕಟ್ ಹಾಗೇ ಇದ್ದರೆ ತೊಂದರೆ ಬಾವಿಯಲ್ಲೋ ಪಂಪಿನಲ್ಲೋ ಇದೆ, ಅಥವಾ ಆ ಭಾಗದ ಒತ್ತಡ ಕುಸಿದಿದೆ. ದ್ರವ ಹಾಗೇ ಇದ್ದು ವಾಟರ್ ಕಟ್ ಏರಿದರೆ ಅದು ನಿಕ್ಷೇಪದ ಇಳಿಕೆ. ಮೊದಲನೆಯದನ್ನು ದುರಸ್ತಿ ಮಾಡಬಹುದು. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಿದರೆ ದುರಸ್ತಿ ಮಾಡಬಹುದಾದ ಬಾವಿಯನ್ನು ಸತ್ತದ್ದೆಂದು ಬರೆದುಬಿಡುತ್ತೇವೆ.

ಸಮುದ್ರದ ನೀರು ಹಾಯಿಸುವಲ್ಲಿ ಸ್ಕೇಲ್ (ಬಾವಿಯಲ್ಲಿ ಕೂರುವ ಗಟ್ಟಿ ಖನಿಜ ಪದರ) ಮರೆಯಬೇಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇದೆ. ನಿಕ್ಷೇಪದ ನೀರಿನಲ್ಲಿ ಬೇರಿಯಂ ಇದ್ದರೆ ಎರಡೂ ಸೇರುವ ಜಾಗದಲ್ಲಿ, ಅಂದರೆ ಉತ್ಪಾದನಾ ಬಾವಿಯ ಬಾಯಲ್ಲೇ, ಬೇರಿಯಂ ಸಲ್ಫೇಟ್ ಗಟ್ಟಿ ಕೂರುತ್ತದೆ. ಆಮ್ಲಕ್ಕೆ ಅದು ಕರಗದು. ಉತ್ಪಾದನಾ ನೀರಿನ ಸಲ್ಫೇಟ್, ಬೇರಿಯಂ, ಕ್ಲೋರೈಡ್ ಅಳತೆಯನ್ನು ವಾಟರ್ ಕಟ್ ಪಕ್ಕದಲ್ಲೇ ಇಟ್ಟು ನೋಡಿದರೆ ಇಂಜೆಕ್ಷನ್ ನೀರು ಯಾವಾಗ ಬಂತು ಎಂಬುದೂ ಗೊತ್ತಾಗುತ್ತದೆ, ಮುಂದಿನ ದ್ರವ ಕುಸಿತದ ಸುಳಿವೂ ಸಿಗುತ್ತದೆ.

ಗೆರೆಮನೆ

ದ್ರವ ಹೆಚ್ಚಿಸಿದರೆ ತೈಲ ಬೇಗ ಬರುತ್ತದೆ, ಹೆಚ್ಚು ಬರುವುದಿಲ್ಲ ಎಂದಾಯಿತಲ್ಲ?

ಬಾವಿಲೆಕ್ಕ

ನಿಲ್ಲಿಸುವ ಮಿತಿ ಯಾವುದರ ಮೇಲೆ ನಿಂತಿದೆ ಎನ್ನುವುದರ ಮೇಲೆ. ಖರ್ಚು ಮುಖ್ಯವಾಗಿ ನೀರಿನ ಪ್ರಮಾಣಕ್ಕೆ ತಕ್ಕಂತೆ ಇದ್ದರೆ ಮಿತಿ 98% ವಾಟರ್ ಕಟ್‌ನಲ್ಲೇ ನಿಲ್ಲುತ್ತದೆ, ನೀವು ಹೇಳಿದ್ದು ಸರಿ. ಕಡಲಿನಲ್ಲಿ ಹಾಗಿರುವುದಿಲ್ಲ; ಹೆಲಿಕಾಪ್ಟರ್, ಸಿಬ್ಬಂದಿ, ಪ್ಲಾಟ್‌ಫಾರ್ಮ್ ನಿರ್ವಹಣೆ ದ್ರವ ಎಷ್ಟಿದ್ದರೂ ಅಷ್ಟೇ. ಆಗ ಮಿತಿ ದಿನಕ್ಕೆ 40 ಘನ ಮೀಟರ್ ತೈಲ ಎಂಬಂಥದ್ದು. 3,000 ದ್ರವಕ್ಕೆ ಅದು 98.67% ವಾಟರ್ ಕಟ್, ಅನುಪಾತ 74. ಅಲ್ಲಿಗೆ ತಲುಪುವಾಗ 5.20 ಲಕ್ಷ ಘನ ಮೀಟರ್ ಬಂದಿರುತ್ತದೆ. 4.18ಕ್ಕಿಂತ ಒಂದು ಲಕ್ಷ ಹೆಚ್ಚು. ಪಂಪ್‌ನಿಂದ ಮೀಸಲು ಹೆಚ್ಚುವುದು ಹೀಗೆ.

ಹೆಡರ್‌ಲೈನ್

ಇಂಜೆಕ್ಷನ್ ಬದಿಯನ್ನು ಸೇರಿಸುತ್ತೇನೆ. ಮೊದಲು ವಾಯ್ಡೇಜ್ ರಿಪ್ಲೇಸ್‌ಮೆಂಟ್, ಅಂದರೆ ತೆಗೆದ ಜಾಗವನ್ನು ಎಷ್ಟು ತುಂಬಿದ್ದೇವೆ. 2,000 ತೆಗೆದೆವು, 2,000 ತುಂಬಿದೆವು, ಅನುಪಾತ 1 ಎಂದು ಬರೆಯುವ ತಪ್ಪು ತುಂಬಾ ಸಾಮಾನ್ಯ. ಮೇಲ್ಮೈಯ 200 ತೈಲ ನೆಲದಡಿಯಲ್ಲಿ 1.35 ಪಟ್ಟು ಹಿಗ್ಗಿದ್ದರೆ 270. ನೀರು 1,800ಕ್ಕೆ 1.02 ಪಟ್ಟು, 1,836. ಒಟ್ಟು 2,106. ತುಂಬಿದ 2,000 ನೀರೂ 1.02 ಪಟ್ಟು, 2,040. ಅನುಪಾತ 0.97. ಕರಗಿದ ಅನಿಲಕ್ಕಿಂತ ಹೆಚ್ಚು ಅನಿಲ ಬರುತ್ತಿದ್ದರೆ ಅದಕ್ಕೂ ಜಾಗ ಎಣಿಸಿ: ಪ್ರತಿ ಘನ ಮೀಟರ್ ತೈಲಕ್ಕೆ 100 ಹೆಚ್ಚುವರಿ ಅನಿಲ, ನೆಲದಡಿಯಲ್ಲಿ ಅದರ ಗಾತ್ರ ಮೇಲ್ಮೈಯ 0.006 ಪಟ್ಟು ಎಂದರೆ ಇನ್ನೂ 120. ಅನುಪಾತ 0.92ಕ್ಕೆ ಇಳಿಯಿತು. ಒತ್ತಡ ಬಬಲ್ ಪಾಯಿಂಟ್ (ಕರಗಿದ ಅನಿಲ ತೈಲದಿಂದ ಹೊರಬರಲು ಶುರುವಾಗುವ ಒತ್ತಡ) ಕೆಳಗೆ ಹೋದ ಜಾಗದಲ್ಲಿ ಮೂರನೆಯ ದ್ರವ್ಯವಾಗಿ ಅನಿಲವೂ ಓಡಾಡುತ್ತದೆ, ಮೇಲಿನ ನೇರ ಗೆರೆಗಳೆಲ್ಲ ಅಲ್ಲಿ ಬಾಗುತ್ತವೆ. ಅನುಪಾತ 1ಕ್ಕಿಂತ ಮೇಲಿದ್ದೂ ಒತ್ತಡ ಇಳಿಯುತ್ತಿದ್ದರೆ ನೀರು ನಿಮ್ಮ ನಿಕ್ಷೇಪಕ್ಕೆ ಹೋಗುತ್ತಿಲ್ಲ: ಕೇಸಿಂಗ್ (ಬಾವಿಯ ಗೋಡೆಗಿಟ್ಟ ಉಕ್ಕಿನ ಕೊಳವೆ) ಹಿಂದೆ, ಬೇರೆ ಪದರಕ್ಕೆ, ಅಥವಾ ಬಿರುಕಿನ ಮೂಲಕ ಹೊರಗೆ. ಹಾಲ್ ಪ್ಲಾಟ್ (ತುಂಬಿದ ಒಟ್ಟು ನೀರಿನ ಎದುರು, ಕಾಲದೊಂದಿಗೆ ಕೂಡುತ್ತಾ ಬಂದ ಇಂಜೆಕ್ಷನ್ ಒತ್ತಡ) ಹಾಕಿ ನೋಡಿ; ಗೆರೆ ಕೆಳಗೆ ಬಾಗಿದರೆ ಬಿರುಕು, ಮೇಲೆ ಬಾಗಿದರೆ ಬಾವಿಯ ಬಾಯಿ ಕಟ್ಟಿಕೊಂಡಿದೆ.

ಯಾವ ಇಂಜೆಕ್ಷನ್ ಬಾವಿಯ ನೀರು ಯಾವ ಉತ್ಪಾದನಾ ಬಾವಿಗೆ ಎಷ್ಟು ತಲುಪುತ್ತದೆ ಎಂದು ತಿಳಿಯಲು ಕೆಪಾಸಿಟೆನ್ಸ್-ರೆಸಿಸ್ಟೆನ್ಸ್ ಮಾದರಿ ಇದೆ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು, 2006ರ ನಂತರ ಹೆಚ್ಚು ಬಳಕೆಗೆ ಬಂತು. ದರಗಳಷ್ಟೇ ಸಾಕು, ಭೂವಿಜ್ಞಾನ ಮಾದರಿ ಬೇಡ ಎಂಬುದು ಅದರ ಆಕರ್ಷಣೆ. ಎಡವುವ ಜಾಗಗಳು ಹೇಳುತ್ತೇನೆ.

10 ಇಂಜೆಕ್ಷನ್, 10 ಉತ್ಪಾದನಾ ಬಾವಿ ಇದ್ದರೆ 100 ಸಂಪರ್ಕ ಗುಣಾಂಕ (ಯಾವ ಜೋಡಿಯ ನಡುವೆ ಎಷ್ಟು ನೀರು ಹೋಗುತ್ತದೆ), 10 ಕಾಲ ಸ್ಥಿರಾಂಕ (ಪ್ರತಿಕ್ರಿಯೆ ಎಷ್ಟು ತಡವಾಗುತ್ತದೆ). ಮೂರು ವರ್ಷದ ಮಾಸಿಕ ಅಂಕಿ ಎಂದರೆ 360 ಬಿಂದು. ಎಣಿಕೆಯಲ್ಲಿ ಸಾಕು ಎನಿಸುತ್ತದೆ. ಆದರೆ ಎಲ್ಲ ಇಂಜೆಕ್ಷನ್ ಬಾವಿಗೂ ಒಂದೇ ಪಂಪ್‌ನ ಒಂದೇ ಹೆಡರ್‌ನಿಂದ ನೀರು ಹೋಗುತ್ತಿದ್ದರೆ ಎಲ್ಲವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಆಗ ಯಾವ ಬಾವಿಯ ಪ್ರಭಾವ ಯಾವುದು ಎಂದು ಗಣಿತಕ್ಕೆ ಗೊತ್ತಾಗಲು ದಾರಿಯೇ ಇಲ್ಲ. ಕಂಪ್ಯೂಟರ್ ಆದರೂ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಹೊಂದಿಸುವ ಮೊದಲು ಇಂಜೆಕ್ಷನ್ ದರಗಳ ಪರಸ್ಪರ ಸಂಬಂಧದ ಕೋಷ್ಟಕ ಹಾಕಿ, 0.8ಕ್ಕಿಂತ ಹೆಚ್ಚು ಇರುವ ಜೋಡಿಗಳನ್ನು ಒಂದೇ ಬಾವಿಯಾಗಿ ಸೇರಿಸಿಬಿಡಿ.

ಕಾಲ ಸ್ಥಿರಾಂಕ ಎಂದರೆ ಒಟ್ಟು ಸಂಕೋಚನೀಯತೆಯನ್ನು ರಂಧ್ರ ಗಾತ್ರದಿಂದ ಗುಣಿಸಿ ಉತ್ಪಾದಕತಾ ಸೂಚ್ಯಂಕದಿಂದ ಭಾಗಿಸಿದ್ದು. ಒಂದು ಬಾರ್ ಒತ್ತಡಕ್ಕೆ 0.00015, 20 ಲಕ್ಷ ಘನ ಮೀಟರ್, ಒಂದು ಬಾರ್‌ಗೆ ದಿನಕ್ಕೆ 20 ಘನ ಮೀಟರ್ ಇಟ್ಟರೆ 15 ದಿನ. ಮಾಸಿಕ ಅಂಕಿಯಲ್ಲಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 86% ಪ್ರತಿಕ್ರಿಯೆ ಮುಗಿದಿರುತ್ತದೆ. ಆ ಸ್ಥಿರಾಂಕವನ್ನು ಮಾಸಿಕ ಅಂಕಿಯಿಂದ ಹಿಡಿಯಲಾಗದು. ಸಂಪರ್ಕ ಗುಣಾಂಕಗಳು ಸಿಗಬಹುದು.

ಇದು ಕೊಡುವುದು ದ್ರವದ ದರವನ್ನು ಮಾತ್ರ ಎಂಬುದನ್ನೂ ನೆನಪಿಡಿ. ತೈಲಕ್ಕೆ ಮತ್ತೆ ಬಾವಿಲೆಕ್ಕ ಅವರ ಗೆರೆಗೇ ಬರಬೇಕು.

ತೀರದಾಚೆ

ಇದನ್ನೆಲ್ಲ ಕೈಯಾರೆ ಮಾಡಿ ಕಲಿಯಲು ನಿಜವಾದ ಅಂಕಿ ಎಲ್ಲಿ ಸಿಗುತ್ತದೆ? ಮುಂಬೈ ಹೈನ ಬಾವಿವಾರು ಅಂಕಿ ಸಾರ್ವಜನಿಕವಾಗಿ ಇಲ್ಲವಲ್ಲ.

ಉತ್ತರಸಮುದ್ರ

ಉತ್ತರ ಸಮುದ್ರದಲ್ಲಿನ ನಾರ್ವೆಯ ತೈಲ ಕ್ಷೇತ್ರ ವೋಲ್ವೆ. 15/9 ಬ್ಲಾಕ್‌ನಲ್ಲಿ 1993ರಲ್ಲಿ ಪತ್ತೆ, 2008ರ ಫೆಬ್ರವರಿಯಿಂದ 2016ರ ಸೆಪ್ಟೆಂಬರ್‌ವರೆಗೆ ಉತ್ಪಾದನೆ, ಹ್ಯೂಗಿನ್ ಮರಳುಗಲ್ಲು, ನೀರು ಇಂಜೆಕ್ಷನ್. ಒಟ್ಟು ಸುಮಾರು 6.3 ಕೋಟಿ ಬ್ಯಾರಲ್, ಇದ್ದ ತೈಲದ 54% ಹೊರಬಂತು. ಮೊದಲು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ನಡೆಯಿತು. 2018ರಲ್ಲಿ ಅದನ್ನು ನಡೆಸಿದ ಕಂಪನಿ ಈಕ್ವಿನಾರ್ ಸುಮಾರು 40,000 ಕಡತಗಳನ್ನು ಬಿಡುಗಡೆ ಮಾಡಿತು. ಅದರಲ್ಲಿ ಒಂದು ಸ್ಪ್ರೆಡ್‌ಶೀಟ್ ಸಾಕು: ಬಾವಿವಾರು ದೈನಿಕ ತೈಲ, ಅನಿಲ, ನೀರು, ಇಂಜೆಕ್ಷನ್, ಚಾಲನೆಯ ಗಂಟೆ, ಚೋಕ್, ಒತ್ತಡ, ತಾಪ.

ಎಫ್-12 ಮತ್ತು ಎಫ್-14 ಮೊದಲಿನಿಂದಲೂ ದುಡಿದ ಉತ್ಪಾದನಾ ಬಾವಿಗಳು, ಎಫ್-4 ಮತ್ತು ಎಫ್-5 ಇಂಜೆಕ್ಷನ್ ಬಾವಿಗಳು. ಹೀಗೆ ಮಾಡಿ: ಚಾಲನೆಯ ಗಂಟೆ ಶೂನ್ಯವಿರುವ ಸಾಲುಗಳನ್ನು ದರದ ಲೆಕ್ಕದಿಂದ ತೆಗೆಯಿರಿ, ಒಟ್ಟು ಮೊತ್ತದಿಂದ ತೆಗೆಯಬೇಡಿ. ತಳದ ಒತ್ತಡದ ಅಂಕಣದಲ್ಲಿ ಶೂನ್ಯ ಎಂದರೆ ಗೇಜ್ ಓದಿಲ್ಲ, ಒತ್ತಡ ಶೂನ್ಯವೆಂದಲ್ಲ, ಖಾಲಿ ಬಿಡಿ. ತಿಂಗಳ ಮೊತ್ತ ಮಾಡಿ. ಎಫ್-12ಕ್ಕೆ ವಾಟರ್ ಕಟ್ 60% ದಾಟಿದ ತಿಂಗಳಿಂದ 2013ರ ಕೊನೆಯವರೆಗೆ ಮಾತ್ರ ಎಕ್ಸ್-ಪ್ಲಾಟ್ ಹೊಂದಿಸಿ. ಆಮೇಲೆ 2014ರಿಂದ 2016ರ ನಿಜವಾದ ದ್ರವ ದರವನ್ನು ಕೊಟ್ಟು ತೈಲವನ್ನು ಊಹಿಸಿ, ದಾಖಲೆಯೊಂದಿಗೆ ಹೋಲಿಸಿ. ಅದೇ ಅವಧಿಗೆ ತೈಲ-ಕಾಲದ ಆರ್ಪ್ಸ್ ಗೆರೆಯನ್ನೂ ಎಳೆದು ಪಕ್ಕದಲ್ಲಿಡಿ. 2013ರಿಂದ ಹೊಸ ಉತ್ಪಾದನಾ ಬಾವಿಗಳು ಸೇರಿಕೊಂಡವು ಎಂಬುದನ್ನು ಗಮನದಲ್ಲಿಡಿ. ಇಡೀ ಕ್ಷೇತ್ರದ ಮೊತ್ತಕ್ಕೆ ಒಂದೇ ಗೆರೆ ಎಳೆದವರು ಅಲ್ಲಿ ತಪ್ಪುತ್ತಾರೆ.

ಮುಚ್ಚಿಟ್ಟ ಅವಧಿಯ ಮೇಲೆ ಪರೀಕ್ಷೆ ಮಾಡದ ಮುನ್ನಂದಾಜನ್ನು ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ. ಹಳೆ ಅಂಕಿಗೆ ಚೆನ್ನಾಗಿ ಹೊಂದಿದೆ ಎನ್ನುವುದು ಸಾಕ್ಷಿಯಲ್ಲ.

ಸುಣ್ಣಕಲ್ಲು

ಮೊತ್ತದ ಗೆರೆ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. ಬೇರೆಬೇರೆ ವೇಗದಲ್ಲಿ ಇಳಿಯುವ ಬಾವಿಗಳನ್ನು ಕೂಡಿಸಿದರೆ ಬೇಗ ಇಳಿಯುವವು ಮೊದಲು ಮುಗಿದು ನಿಧಾನದವು ಉಳಿಯುತ್ತವೆ, ಮೊತ್ತ ಹೈಪರ್ಬೋಲಿಕ್‌ನಂತೆ (ಇಳಿಕೆಯ ವೇಗ ತಗ್ಗುತ್ತಾ ಬರುವ ಆರ್ಪ್ಸ್ ಗೆರೆಯಂತೆ) ಕಾಣುತ್ತದೆ. ಬಾವಿಗಳನ್ನು ಕೊರೆದ ವರ್ಷ ಮತ್ತು ಪದರದ ಪ್ರಕಾರ ಗುಂಪು ಮಾಡಿ, ಗುಂಪಿಗೊಂದು ಗೆರೆ ಎಳೆಯಿರಿ. ವಾಟರ್ ಕಟ್ ಹೆಚ್ಚಾಯಿತೆಂದು ಮುಚ್ಚಿದ ಬಾವಿಗಳನ್ನು ಗುಂಪಿನಿಂದ ಕಿತ್ತುಹಾಕಬೇಡಿ. ಕೆಟ್ಟವನ್ನು ಮುಚ್ಚಿದಾಗಲೆಲ್ಲ ಉಳಿದವುಗಳ ಸರಾಸರಿ ವಾಟರ್ ಕಟ್ ಇಳಿದು, ನಿಕ್ಷೇಪ ಸುಧಾರಿಸಿದಂತೆ ಕಾಣುತ್ತದೆ.

ತೀರದಾಚೆ

ಹಾಗಾದರೆ ಬೇಸ್‌ಲೈನ್ ಬರೆಯುವಾಗ ಬರಿ ತೈಲದ ಒಂದು ಸಾಲು ಅಂಕಿ ಕೊಟ್ಟರೆ ಸಾಲದು.

ಬಾವಿಲೆಕ್ಕ

ಸಾಲದು. ಗುಂಪುವಾರು ಮೂರು ಸಾಲು ಬೇಕು: ಊಹಿಸಿದ ದ್ರವ, ಒಟ್ಟು ತೈಲದ ಎದುರು ತೈಲದ ಪಾಲಿನ ಗೆರೆ, ಊಹಿಸಿದ ಚಾಲನಾ ದಿನಗಳು. ಜೊತೆಗೆ ಆ ದ್ರವಕ್ಕೆ ಬೇಕಾದ ಇಂಜೆಕ್ಷನ್ ಎಷ್ಟು ಎಂದು ಬರೆದಿರಬೇಕು. ಇಂಜೆಕ್ಷನ್ ಪಂಪ್ ಆರು ತಿಂಗಳು ನಿಂತು ತೈಲ ಬೇಸ್‌ಲೈನ್‌ಗಿಂತ ಕೆಳಗೆ ಹೋದರೆ ಅದು ಯಾರ ಲೆಕ್ಕಕ್ಕೆ? ಹೊಸ ಬಾವಿ ಹಳೆ ಬಾವಿಯ ತೈಲವನ್ನೇ ಎಳೆದುಕೊಂಡರೆ ಹೆಚ್ಚುವರಿ ಎಷ್ಟು? ಮೂರು ಸಾಲು ಇದ್ದರೆ ಇವಕ್ಕೆ ಉತ್ತರ ಲೆಕ್ಕದಲ್ಲೇ ಸಿಗುತ್ತದೆ. ಇಳಿಜಾರಿಗೂ ಒಂದೇ ಬೆಲೆ ಬೇಡ. ಪರೀಕ್ಷಾ ಬಿಂದುಗಳನ್ನು ಮರು-ಆಯ್ಕೆ ಮಾಡಿ ಕೆಲವು ನೂರು ಸಲ ಗೆರೆ ಹೊಂದಿಸಿ, 10ನೇ, 50ನೇ, 90ನೇ ಶತಾಂಶಗಳನ್ನು ಕೊಡಿ.

ಪಂಪ್‌ಮನೆ

ಪಾಲಿಮರ್ ಹಾಕಿದ ಕ್ಷೇತ್ರಕ್ಕೂ ಇದೇ ವಿಧಾನವೇ? ರಾಜಸ್ಥಾನದ ಬಾಡಮೇರಿನ ಮಂಗಳಾ ಕ್ಷೇತ್ರ ನೆನಪಾಯಿತು. 2004ರಲ್ಲಿ ಪತ್ತೆ, 2009ರಲ್ಲಿ ಉತ್ಪಾದನೆ, ಮೇಣದಂಶ ಹೆಚ್ಚಿದ್ದರಿಂದ ಬಿಸಿನೀರು ಹಾಯಿಸುವುದು, 2014-15ರಲ್ಲಿ ಇಡೀ ಕ್ಷೇತ್ರಕ್ಕೆ ಪಾಲಿಮರ್.

ಸುಣ್ಣಕಲ್ಲು

ಪಾಲಿಮರ್ ಮುಂಚಿನ ನೀರಿನ ಗೆರೆಯನ್ನು ಬೇಸ್‌ಲೈನ್ ಆಗಿ ಮಾತ್ರ ಬಳಸಿ. ಪಾಲಿಮರ್ ನೀರನ್ನು ದಪ್ಪಗೊಳಿಸುವುದರಿಂದ ತೈಲ-ನೀರಿನ ಚಲನಶೀಲತೆಯ ಅನುಪಾತವೇ ಬದಲಾಗುತ್ತದೆ, ವಾಟರ್ ಕಟ್ ಇಳಿದು ತಳ ಮುಟ್ಟಿ ಮತ್ತೆ ಏರುತ್ತದೆ. ಆ ತಳ ದಾಟಿ, ವಾಟರ್ ಕಟ್ ಆರೆಂಟು ತಿಂಗಳು ಸತತ ಏರಿದ ಮೇಲಷ್ಟೇ ಹೊಸ ಗೆರೆ ಎಳೆಯಿರಿ. ಅದಕ್ಕೂ ಮುಂಚೆ ಎಳೆದರೆ ಇಳಿಜಾರಿನ ಚಿಹ್ನೆಯೇ ತಪ್ಪಿರುತ್ತದೆ. ಇಂಜೆಕ್ಷನ್ ಬಾವಿಗಳ ಹಾಲ್ ಪ್ಲಾಟ್ ಕೂಡ ಪಾಲಿಮರ್ ಶುರುವಾದ ದಿನ ಮೇಲಕ್ಕೆ ಬಾಗುತ್ತದೆ. ಬಾವಿ ಕಟ್ಟಿಕೊಂಡಿತೆಂದು ಆಮ್ಲ ಹಾಕಲು ಹೋಗುವ ಮೊದಲು ದ್ರವದ ಸ್ನಿಗ್ಧತೆ ಎಷ್ಟು ಪಟ್ಟು ಹೆಚ್ಚಾಯಿತೆಂದು ಲೆಕ್ಕ ಹಾಕಿ, ಇಳಿಜಾರು ಅದಕ್ಕಿಂತಲೂ ಹೆಚ್ಚಿದ್ದರೆ ಮಾತ್ರ ಬಾವಿಯ ಬಾಯಿ ನೋಡಿ.